‘ಲಾರ್ಡ್ ಪ್ರೊಟೆಕ್ಟರ್’: ಕನ್ನಡದಲ್ಲಿ ಏನೆನ್ನೋಣ?

ಹದಿನೇಳನೇ ಶತಮಾನದಲ್ಲಿ ರಾಜನಿಲ್ಲದ ಇಂಗ್ಲೆಂಡನ್ನು ಆಳಿದ ಸೇನಾನಿ ಆಲಿವರ್ ಕ್ರಾಮ್‌ವೆಲ್ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. 1653ರ ಡಿಸೆಂಬರಿನಲ್ಲಿ ಅವನು ಪಡೆದ ‘ಲಾರ್ಡ್ ಪ್ರೊಟೆಕ್ಟರ್’ ಎಂಬ ಬಿರುದಿಗೆ ಒಪ್ಪುವ ಪದ ಬೇಕಾಗಿದೆ.

‘ಪ್ರಭುರಕ್ಷಕ’ ಆಗಬಹುದೆಂದು ಗೆಳೆಯರೊಬ್ಬರು ಹೇಳಿದರು. ಸಮಾಸ ಬಿಡಿಸಿದರೆ ಅದು ‘ಪ್ರಭುವಿನ ರಕ್ಷಕ’ ಆಗುತ್ತದೆ. ಒಂದನೇ ಚಾರ್ಲ್ಸ್ ದೊರೆಯ ಮರಣದಂಡನೆಯ ಆಜ್ಞೆಗೆ ಮೂರನೆಯವನಾಗಿ ರುಜು ಹಾಕಿದವನಿಗೆ ಈ ಹೆಸರು ಸಲ್ಲದು. ಇಂಗ್ಲೆಂಡಿನಲ್ಲಿ ಹಿಂದೆ ಈ ಬಿರುದು ಬಾಲರಾಜರ ಪರವಾಗಿ ಆಳುವವರಿಗೆ ಸಲ್ಲುತ್ತಿದ್ದುದು ನಿಜ. 1547ರಲ್ಲಿ ಒಂಬತ್ತು ವರ್ಷದ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದಾಗ ಅವನ ಸೋದರಮಾವ ಸೋಮರ್‌ಸೆಟ್ ಡ್ಯೂಕ್ ಇದೇ ಹೆಸರಿನಲ್ಲಿ ಆಡಳಿತ ನಡೆಸಿದ. ಕ್ರಾಮ್‌ವೆಲ್ ಕಾಲಕ್ಕೆ ಕಾಯಲು ರಾಜನೇ ಇರಲಿಲ್ಲ. ಹಾಗಾಗಿ ‘ರಾಜಪ್ರತಿನಿಧಿ’ಯನ್ನೂ ಕೈಬಿಟ್ಟೆ.

‘ಸರ್ವಾಧಿಕಾರಿ’ಯ ವಿಚಾರ ಬೇರೆ. ಹಳೆಯ ಮೈಸೂರಿನಲ್ಲಿ ಅದೊಂದು ಹುದ್ದೆಯ ಹೆಸರಾಗಿತ್ತು. ಒಡೆಯರನ್ನು ಹೆಸರಿಗೆ ದೊರೆಯಾಗಿ ಉಳಿಸಿ ಅಧಿಕಾರ ಹಿಡಿದ ಹೈದರಾಲಿಗೂ ಅದೇ ಬಿರುದಿತ್ತು. ಆ ಹಳೆಯ ಅರ್ಥದಲ್ಲಿ ಪದ ಹತ್ತಿರ ಬರುತ್ತದೆ. ಆದರೆ ಇಂದಿನ ಓದುಗರಿಗೆ ಸರ್ವಾಧಿಕಾರಿ ಎಂದರೆ ಹಿಟ್ಲರನೇ. 1653ರ ಏಪ್ರಿಲ್ 20ರಂದು ಬಂದೂಕಿನ ಸಿಪಾಯಿಗಳನ್ನು ಕರೆಸಿ ಪಾರ್ಲಿಮೆಂಟನ್ನು ಖಾಲಿ ಮಾಡಿಸಿದವನನ್ನು ಹಾಗೆ ಕರೆದರೆ ತಪ್ಪೇನು ಎಂದು ಕೇಳಬಹುದು. ಅದು ಓದುಗರು ತೀರ್ಮಾನಿಸಬೇಕಾದ ವಿಷಯ, ಬಿರುದಿನ ಅನುವಾದದಲ್ಲೇ ತೀರ್ಪು ಕೊಡಬಾರದು ಎಂಬುದು ನನ್ನ ನಿಲುವು.

ಈ ಹೆಸರಿನ ಜಗಳ ಅವನ ಕಾಲದಲ್ಲೇ ನಡೆದಿತ್ತು. 1657ರಲ್ಲಿ ಪಾರ್ಲಿಮೆಂಟು ಅವನಿಗೆ ಕಿರೀಟ ಕೊಡಮಾಡಿತು. ರಾಜನೆಂದರೆ ಅವನ ಅಧಿಕಾರದ ಮೇರೆ ಕಾನೂನಿಗೆ ಗೊತ್ತು, ಪ್ರೊಟೆಕ್ಟರನಿಗೆ ಅಂಥ ಮೇರೆಯಿಲ್ಲ ಎಂಬುದು ವಕೀಲರ ವಾದ. ಕ್ರಾಮ್‌ವೆಲ್ ತನ್ನನ್ನು ಶಾಂತಿ ಕಾಯುವ ಪ್ಯಾರಿಷ್ಷಿನ ಕಾನ್‌ಸ್ಟೇಬಲ್ಲಿಗೆ, ಅಂದರೆ ನಮ್ಮ ಊರ ತಳವಾರನಂಥವನಿಗೆ, ಹೋಲಿಸಿಕೊಂಡ. ದೈವವೇ ಕೆಡವಿದ್ದನ್ನು ತಾನು ಮತ್ತೆ ಕಟ್ಟಲಾರೆ ಎಂದ. ಸೇನಾಧಿಕಾರಿಗಳ ವಿರೋಧವೂ ಇತ್ತು. ಕಿರೀಟ ಬೇಡವೆಂದ. ಆದರೆ ಜೂನ್ 26ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಮರುಪದಗ್ರಹಣವಾದಾಗ ರಾಜರ ಪಟ್ಟಾಭಿಷೇಕದ ಕುರ್ಚಿಯನ್ನೇ ತರಿಸಲಾಗಿತ್ತು. ನೇರಳೆ ವೆಲ್ವೆಟ್ ನಿಲುವಂಗಿ, ಖಡ್ಗ, ಚಿನ್ನದ ರಾಜದಂಡ ಎಲ್ಲವೂ ಇದ್ದವು, ಕಿರೀಟವೊಂದನ್ನು ಬಿಟ್ಟು. ಮರುವರ್ಷ ಅವನು ಸತ್ತ ಮೇಲೆ ಪ್ರದರ್ಶನಕ್ಕಿಟ್ಟ ಪ್ರತಿಮೆಗೆ ಅದನ್ನೂ ತೊಡಿಸಿದರು. ರಾಜನಲ್ಲದ, ರಾಜನಿಗೆ ಕಡಿಮೆಯೂ ಅಲ್ಲದ ಈ ಸ್ಥಿತಿಯನ್ನು ಹೇಳುವ ಪದ ನಮ್ಮಲ್ಲಿ ಯಾವುದಿದೆ?

ಸದ್ಯಕ್ಕೆ ‘ರಾಜ್ಯರಕ್ಷಕ’ ಎಂದು ಬರೆದಿದ್ದೇನೆ. ಬಿರುದಿನ ಪೂರ್ಣರೂಪ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಗಣರಾಜ್ಯದ ರಕ್ಷಕ ಎಂಬುದರಿಂದ ಇದು ಮೂಲಕ್ಕೆ ಹತ್ತಿರ. 1649ರಲ್ಲಿ ಐರ್ಲೆಂಡಿನ ಡ್ರೊಹೆಡಾ ಪಟ್ಟಣದಲ್ಲಿ ಅವನ ಸೈನ್ಯ ಸಾವಿರಾರು ಜನರನ್ನು ಕೊಂದದ್ದನ್ನು, ಚರ್ಚಿನ ಗೋಪುರದಲ್ಲಿ ಅಡಗಿದ್ದವರನ್ನು ಬೆಂಕಿಯಿಟ್ಟು ಸುಟ್ಟದ್ದನ್ನು ನೆನೆದರೆ ‘ರಕ್ಷಕ’ ಎಂದು ಬರೆಯಲು ಕೈ ತಡೆಯುತ್ತದೆ. ಆದರೂ ಅದು ಅವನ ಬಿರುದು, ನಾವು ಕೊಟ್ಟ ಪ್ರಶಸ್ತಿಯಲ್ಲ. ಹಳೆಯ ಕಡತ, ಶಾಸನಗಳನ್ನು ಬಲ್ಲವರು ಇದಕ್ಕಿಂತ ಒಳ್ಳೆಯ ಪದ ಸೂಚಿಸಿದರೆ ಬದಲಿಸುತ್ತೇನೆ.

ಇನ್ನೊಂದು ವಿಷಯ. ಕ್ರಾಮ್‌ವೆಲ್ ಸೇರಿದ್ದ ಕಟ್ಟಾ ಪ್ರಾಟೆಸ್ಟೆಂಟ್ ಪಂಥದವರ ಹೆಸರಾದ ‘ಪ್ಯೂರಿಟನ್’ಗೆ ದಯವಿಟ್ಟು ‘ಮಡಿವಂತ’ ಬೇಡ. ಮಡಿವಂತರು ಆಚರಣೆಯನ್ನು ಬಿಗಿಯಾಗಿ ಹಿಡಿಯುವವರು. ಪ್ಯೂರಿಟನ್ನರು ಬಿಷಪ್ಪರು, ಪಾದ್ರಿಗಳ ನಿಲುವಂಗಿಗಳು, ಕ್ರಿಸ್‌ಮಸ್ ಹಬ್ಬ ಎಲ್ಲವನ್ನೂ ತೆಗೆದುಹಾಕಹೊರಟವರು. ಅದನ್ನು ‘ಪ್ಯೂರಿಟನ್’ ಎಂದೇ ಉಳಿಸಿಕೊಂಡಿದ್ದೇನೆ.