ಮಿಷನ್ ಟ್ರಿಪ್‌ನ ಎರಡನೇ ದಿನ ಹುಡುಗರ ಮುಖ ಬಾಡದ ಹಾಗೆ ಪ್ಲಾನ್ ಮಾಡೋದು ಹೇಗೆ?

ಯೂತ್‌ಲೀಡರ್_ಬೆಂಗಳೂರು
ಎಲ್ಲರಿಗೂ ಸ್ತೋತ್ರ. ದಸರಾ ರಜೆಯಲ್ಲಿ ನಮ್ಮ ಸಭೆಯ ಯೂತ್‌ನವರು 18 ಜನ ಕನಕಪುರದ ಆಚೆ ಒಂದು ಮಕ್ಕಳ ಹಾಸ್ಟೆಲ್‌ಗೆ ಮೂರು ದಿನದ ಸೇವೆಗೆ ಹೊರಟಿದ್ದಾರೆ. ನಾಲ್ಕು ಕೋಣೆಗೆ ಸುಣ್ಣ ಹೊಡೆಯೋದು, ಸಂಜೆ ಮಕ್ಕಳ ಕಾರ್ಯಕ್ರಮ. ಇಂಥ ಕಡೆ ಮೊದಲ ದಿನದ ಹುರುಪು ಎರಡನೇ ದಿನಕ್ಕೆ ಇಳಿದುಹೋಗುತ್ತೆ. ಸಂತೋಷದಿಂದ ಸೇವೆ ಮಾಡ್ಬೇಕಂದ್ರೆ ಮುಂಚೆಯೇ ಏನು ನೋಡ್ಕೋಬೇಕು?

ಸುಣ್ಣಬಣ್ಣ
ಕೈಗೆ ಕೆಲಸ ಇಲ್ಲದೆ ನಿಂತವರ ಮುಖ ಮೊದಲು ಬಾಡೋದು. ಕೋಣೆಗೆ ಮೂವರು ಸಾಕು: ಒಬ್ಬರು ಕೆರೆಯೋಕೆ, ಇಬ್ಬರು ಬ್ರಷ್‌ಗೆ. ಸುಣ್ಣ ಸೋಸಿ ಹಂಚೋಕೆ ಇಬ್ಬರು, ಅಡುಗೆಗೆ ನಾಲ್ವರು. ಅಲ್ಲಿಗೆ ಹದಿನೆಂಟೂ ಆಯ್ತು.

ಸುಣ್ಣದ ಕಲ್ಲನ್ನು ಹಿಂದಿನ ದಿನವೇ ದೊಡ್ಡವರೊಬ್ಬರು ಅರಳಿಸಿಡಲಿ. ಒಂದು ಕೆಜಿಗೆ ಸುಮಾರು 5 ಲೀಟರ್ ನೀರು. ಕಬ್ಬಿಣದ ಡ್ರಮ್‌ನಲ್ಲಿ ನೀರಿಗೆ ಸುಣ್ಣ ಹಾಕ್ಬೇಕು, ಸುಣ್ಣಕ್ಕೆ ನೀರು ಸುರಿದರೆ ಸಿಡಿಯುತ್ತೆ. ಮಾರನೇ ದಿನ ಬಟ್ಟೆಯಲ್ಲಿ ಸೋಸಿ, ಬಿಸಿನೀರಲ್ಲಿ ಕರಗಿಸಿದ ಗೋಂದು ಸೇರಿಸಿ. ಕನ್ನಡಕ, ಗ್ಲೌಸ್ ಕಡ್ಡಾಯ. ಕಣ್ಣಿಗೆ ಬಿದ್ದರೆ ಕೂಡಲೇ ಕನಿಷ್ಠ 20 ನಿಮಿಷ ಶುದ್ಧ ನೀರು ಬಿಡುತ್ತಾ ತೊಳೆದು ಆಸ್ಪತ್ರೆಗೆ ಓಡಿ.

ಹೊಸಬರು ಎಡವೋದು ಇಲ್ಲಿ: ಹಸಿ ಸುಣ್ಣ ಗೋಡೆ ಮೇಲೆ ನೀರಿನ ಹಾಗೆ ಕಾಣುತ್ತೆ, ಹಳೇ ಕಲೆಯೆಲ್ಲ ಹಾಗೇ ಕಾಣಿಸುತ್ತೆ. ಹತ್ತಲಿಲ್ಲ ಅಂತ ದಪ್ಪಗೆ ಬಳಿದರೆ ಒಣಗಿದ ಮೇಲೆ ಹಕ್ಕಳೆ ಏಳುತ್ತೆ. ತೆಳ್ಳಗೆ ಬಳಿದು, ಒಣಗಲು ಬಿಟ್ಟು, ಇನ್ನೊಂದು ಕೋಟ್ ಕೊಡಿ. ಬಿಳುಪು ಒಣಗುತ್ತಾ ಬರುತ್ತೆ. ಅದಕ್ಕೇ ಬೆಳಿಗ್ಗೆ ಬಳಿದವರನ್ನೇ ಮಾರನೇ ದಿನವೂ ಅದೇ ಕೋಣೆಗೆ ಹಾಕಿ. ತಮ್ಮ ಗೋಡೆ ತಾವೇ ನೋಡ್ಬೇಕು ಅವರು. ಹಳೇ ಡಿಸ್ಟೆಂಪರ್ ಇದ್ದ ಗೋಡೆಗೆ ಸುಣ್ಣ ನಿಲ್ಲಲ್ಲ, ವಾರ್ಡನ್‌ರನ್ನು ಈಗಲೇ ಕೇಳಿ. ದಸರಾ ಹೊತ್ತಿಗೆ ಮಧ್ಯಾಹ್ನದ ಮೇಲೆ ಮಳೆ ಸಾಮಾನ್ಯ. ಹೊರಗೋಡೆ ಒಪ್ಪಿಕೊಳ್ಳಬೇಡಿ. ಮೂರು ದಿನಕ್ಕೆ ಮುಗಿಯೋಷ್ಟೇ ಕೆಲಸ ಹಿಡಿಯಿರಿ.

ಅಡುಗೆಮನೆ_ಅಕ್ಕ
ಬೈಬಲ್‌ನ ಲೂಕ 10ನೇ ಅಧ್ಯಾಯದ ಮಾರ್ಥಳನ್ನು ನೆನಪಿಡಿ. ಅವಳ ದೂರು ಬಂದದ್ದು ತಂಗಿ ತನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಳು ಅಂತ. ಪ್ರತಿ ಟ್ರಿಪ್‌ನಲ್ಲೂ ಅಡುಗೆ ಹುಡುಗಿಯರ ಪಾಲಿಗೇ ಬೀಳುತ್ತೆ, ಅವರು ಆರಾಧನೆಗೂ ಬರೋಕಾಗಲ್ಲ. ನಾಲ್ವರ ತಂಡ ದಿನಕ್ಕೊಮ್ಮೆ ಬದಲಾಗಲಿ, ಹುಡುಗರೂ ಈರುಳ್ಳಿ ಹೆಚ್ಚಲಿ.

ಮೈಬಗ್ಗಿಸಿ ದುಡಿಯೋರಿಗೆ ಊಟಕ್ಕೆ ತಲಾ 150 ಗ್ರಾಂ ಅಕ್ಕಿ, ಅಂದ್ರೆ 18 ಜನಕ್ಕೆ 2.7 ಕೆಜಿ. ತಿಂಡಿಗೆ ಉಪ್ಪಿಟ್ಟಾದ್ರೆ ತಲಾ 80 ಗ್ರಾಂ ರವೆ. ಬಿಸಿಲಿಗೆ ಸುಸ್ತಾದವರಿಗೆ ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಲೆಕ್ಕ. ರಾತ್ರಿ ಹತ್ತಕ್ಕೆ ದೀಪ ಆರಲಿ. ನಿದ್ದೆಗೆಟ್ಟವರ ಸಿಡುಕನ್ನು ಭಕ್ತಿ ಕಡಿಮೆ ಆಯ್ತು ಅಂತ ಅಳೆಯೋದು ಅನ್ಯಾಯ.

ಸಂಜೆಶಾಲೆ
ಮಕ್ಕಳ ಕಾರ್ಯಕ್ರಮಕ್ಕೆ 45 ನಿಮಿಷ ಸಾಕು, ಹಾಡು ಮತ್ತು ಆಟಕ್ಕೇ ಹೆಚ್ಚು ಪಾಲು. ಯಾರೇ ಆಗಲಿ ಒಬ್ಬರೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು. ವಾರ್ಡನ್ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೋ ಬೇಡ. ಬಿಸ್ಕತ್ತು ಪೆನ್ಸಿಲ್ ಹಂಚೋದಿದ್ದರೆ ವಾರ್ಡನ್ ಕೈಗೇ ಕೊಟ್ಟುಬಿಡಿ. ಸಾಲಲ್ಲಿ ನಿಲ್ಲಿಸಿ ಕೊಟ್ಟರೆ ಮಕ್ಕಳು ಮುದುಡುತ್ತಾರೆ, ಕೊಡುವವರೂ ತಾವು ದೊಡ್ಡವರು ಅಂದುಕೊಳ್ತಾರೆ.

ಯೂತ್‌ಲೀಡರ್_ಬೆಂಗಳೂರು
ತುಂಬಾ ಉಪಕಾರ. ಹಾಸ್ಟೆಲ್‌ನ ದೊಡ್ಡ ಹುಡುಗರು ತಾವೂ ಸುಣ್ಣ ಹೊಡೀತೀವಿ ಅಂತಿದ್ದಾರಂತೆ, ಬಿಡಬಹುದಾ?

ಸುಣ್ಣಬಣ್ಣ
ಖಂಡಿತ, ವಾರ್ಡನ್ ಒಪ್ಪಿದರೆ. ಆದರೆ ಸುಣ್ಣ ಬೇಡ. ಉಜ್ಜುಕಾಗದದಲ್ಲಿ ಕಿಟಕಿ ಸರಳಿನ ತುಕ್ಕು ತೆಗೆಯೋದು ಕೊಡಿ, ನಿಮ್ಮವರನ್ನೂ ಜೊತೆಗೆ ಕೂರಿಸಿ. ಉಜ್ಜುಕಾಗದ ನಾಲ್ಕೈದು ಹಾಳೆ ಹೆಚ್ಚಿಗೆ ತಗೊಳ್ಳಿ.