ಸಹಾಯ ಬೇಕು: ಅಮೆರಿಕದಲ್ಲಿರೋ ಅಕ್ಕನ ಮಗನಿಗೆ ಹಣ ಕಳಿಸೋದು

ಎಲ್ಲರಿಗೂ ನಮಸ್ಕಾರ, ನಾವು ಬ್ರಹ್ಮಾವರದವರು. ಅಕ್ಕನ ಮಗ ಅಮೆರಿಕದಲ್ಲಿ ಮನೆ ತಗೊಳ್ತಿದ್ದಾನೆ, ಸಣ್ಣದಿರುವಾಗ ನಮ್ಮ ಮನೆಯಲ್ಲೇ ಬೆಳೆದವ, ಹಾಗಾಗಿ 20 ಲಕ್ಷ ಗಿಫ್ಟ್ ಕೊಡ್ಬೇಕು ಅಂತ ನಂಗೆ ತುಂಬಾ ಆಸೆ ಉಂಟು. ಬ್ಯಾಂಕಲ್ಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ ಮಾರಾಯ್ರೆ.

ನಂಗೆ ಗೊತ್ತಿರೋದು ಇಷ್ಟು. ಸೋದರಮಾವ ಕೊಟ್ಟ ಗಿಫ್ಟಿಗೆ ಇಲ್ಲಿ ಟ್ಯಾಕ್ಸ್ ಇಲ್ಲ, ಮಾವ ರಿಲೇಟಿವ್ ಲೆಕ್ಕಕ್ಕೆ ಬರ್ತಾನೆ. ವರ್ಷಕ್ಕೆ ಒಬ್ರು ಎರಡೂವರೆ ಲಕ್ಷ ಡಾಲರ್ ತನಕ ಕಳಿಸ್ಬಹುದು, ಆದ್ರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡೋ ಟ್ಯಾಕ್ಸ್) ಹಿಡೀತಾರೆ. ರಿಟರ್ನ್ ಹಾಕುವಾಗ ಅದು ವಾಪಸ್ ಸಿಗ್ತದೆ ಸರಿ, ಆದ್ರೆ ಅಷ್ಟು ತನಕ ಎರಡು ಲಕ್ಷ ಎಲ್ಲಿಂದ ಹೊಂದಿಸೋದು? ಅವನ ಕಡೆ ಒಂದು ಲಕ್ಷ ಡಾಲರ್ ದಾಟಿದ್ರೆ ಮಾತ್ರ ಅಲ್ಲಿನ ಟ್ಯಾಕ್ಸ್ ಇಲಾಖೆಗೆ 3520 ಅಂತ ಫಾರ್ಮ್ ಕೊಡ್ಬೇಕಂತೆ, ಆ ತಲೆಬಿಸಿ ಇಲ್ಲ.

ಈಗ ಕೇಳ್ಬೇಕಾದ್ದು, ನಾನು 10 ಲಕ್ಷ, ನನ್ನ ಹೆಂಡತಿ ಅವಳ ಪ್ಯಾನಲ್ಲಿ 10 ಲಕ್ಷ ಕಳಿಸಿದ್ರೆ ಆಗ್ತದಾ? ಅವಳ ಅಕೌಂಟಿಗೆ ಹಣ ಹಾಕೋದು ನಾನೇ. ಅಥವಾ ಮಾರ್ಚಲ್ಲಿ ಅರ್ಧ, ಹಣಕಾಸು ವರ್ಷ ಬದಲಾದ ಮೇಲೆ ಏಪ್ರಿಲ್ಲಲ್ಲಿ ಅರ್ಧ ಕಳಿಸೋದು ಒಳ್ಳೇದಾ? ಗಿಫ್ಟ್ ಡೀಡ್ (ದಾನಪತ್ರ) ಸ್ಟಾಂಪ್ ಪೇಪರಲ್ಲೇ ಆಗ್ಬೇಕಾ? ಹೀಗೆ ಕಳಿಸಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಉಡುಪಿ ಕಡೆ ಇದೆಲ್ಲ ಗೊತ್ತಿರೋ ಸಿಎ ಇದ್ರೂ ತಿಳಿಸಿ.