ಸಹಾಯ ಬೇಕು: ಖಿನ್ನತೆಗೆ ಉರಿಯೂತ ತಗ್ಗಿಸುವ ಔಷಧ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅಕ್ಕ ಖಿನ್ನತೆಗಾಗಿ ಎಸಿಟಾಲೊಪ್ರಾಮ್ ಸೇವಿಸುತ್ತಿದ್ದು, ಸಂಧಿವಾತವೂ ಇರುವುದರಿಂದ ಅವರ ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಹೆಚ್ಚೇ ಬಂದಿದೆ. 2013ರಲ್ಲಿ ಪ್ರಕಟವಾದ, ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿದ್ದ 60 ಜನರ ಮೇಲಿನ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ತಗ್ಗಿಸುವ ಔಷಧದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣದಿದ್ದರೂ, ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ಮೀರಿದ್ದವರಲ್ಲಿ ಸುಧಾರಣೆಯ ಸೂಚನೆ ಇತ್ತೆಂದು ಓದಿದ ಮೇಲೆ, ಅಕ್ಕನಿಗೂ ಇಂಥ ಚಿಕಿತ್ಸೆ ಸಲ್ಲಬಹುದೇ ಎಂಬ ಪ್ರಶ್ನೆ ಎದ್ದಿದೆ. ನೆರೆಯವರು (ಒಳ್ಳೆಯ ಮನಸ್ಸಿನಿಂದಲೇ) ಔಷಧ ಅಂಗಡಿಯಿಂದ ಡೈಕ್ಲೊಫಿನಾಕ್ ತಂದು ಕೊಡಿರೆನ್ನುತ್ತಾರೆ. ಆದರೆ ಎಸಿಟಾಲೊಪ್ರಾಮ್ ಜೊತೆ ಅಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ನಾನು ಒಪ್ಪಿಲ್ಲ. ಮನೋವೈದ್ಯರೂ ಸಂಧಿವಾತ ತಜ್ಞರೂ ಕೂಡಿ ನೋಡುವ ಆಸ್ಪತ್ರೆ ಇಲ್ಲಿ, ವಿಜಯಪುರದಲ್ಲಿ ಅಥವಾ ಬೆಳಗಾವಿಯಲ್ಲಿ ಇದ್ದರೆ ದಯವಿಟ್ಟು ತಿಳಿಸಿರಿ. ಮಾತ್ರೆಯ ಹೆಸರು ಸೂಚಿಸುವುದು ಬೇಡ.